ಬಾಯ್ಲರ್ ಮನೆಯ ಬಿಳಿ ಧೂಳು: ಆರನೆಯ ಕಂತು

ಏಣಿಯ ಮೇಲೆ ನಿಂತು ಸಬ್ ಇನ್‌ಸ್ಪೆಕ್ಟರ್ ಅಮೃತಪ್ಪ ಛಾವಣಿಯ ತೂತಿನ ಅಂಚನ್ನು ಮೂರನೆಯ ಸಲ ನೋಡಿದ. ಮೊದಲ ಎರಡು ಸಲ ಕಂಡದ್ದರ ಮೇಲೆ ಅವನಿಗೆ ನಂಬಿಕೆ ಬಂದಿರಲಿಲ್ಲ.

ಮೂಗು ಬಾಯಿಗೆ ಒದ್ದೆ ಟವೆಲ್ಲು ಬಿಗಿದುಕೊಂಡಿದ್ದ. ಕೆಳಗೆ ಏಣಿ ಹಿಡಿದು ನಿಂತ ಕಾನ್‌ಸ್ಟೇಬಲ್ ಹಾಜಿಮಲಂಗನಿಗೂ ಬಲವಂತದಿಂದ ಕಟ್ಟಿಸಿದ್ದ.

“ಸಾಹೇಬ್ರ, ಯಾರರೆ ನೋಡಿದ್ರ ಕಳ್ಳರು ಬಂದಾರ ಅಂತ ನಮ್ಮ ಮ್ಯಾಲೇ ಕಂಪ್ಲೇಂಟ್ ಕೊಡ್ತಾರ.”

“ಕೊಡಲಿ. ಟವೆಲ್ ಬಿಚ್ಚಬ್ಯಾಡ.”

ಸೋಮವಾರ ಬೆಳಿಗ್ಗೆ ಈ ತೂತಿನ ಕೆಳಗೇ ಕಾಗಿಣಾ ಕಾಲೇಜಿನ ರಿಪೇರಿ ಕೆಲಸಗಾರ ಫಕೀರಸಾಬನ ಹೆಣ ಸಿಕ್ಕಿತ್ತು. ಛಾವಣಿಯ ಶೀಟು ಕದಿಯಲು ಹತ್ತಿ, ಶೀಟು ಮುರಿದು ಬಿದ್ದು ಸತ್ತ ಎಂದು ಕಾಲೇಜಿನ ಮಂಡಳಿ ಬರೆದುಕೊಟ್ಟಿತ್ತು. ಇಂದು ಬುಧವಾರ. ಸಂಜೆ ಐದಕ್ಕೆ ಅಮೃತಪ್ಪ ತನ್ನ ವರದಿಯನ್ನು ಸರ್ಕಲ್ ಸಾಹೇಬರಿಗೆ ಒಪ್ಪಿಸಬೇಕಿತ್ತು. ಅದರಲ್ಲಿ ‘ಕಳ್ಳ’ ಎಂಬ ಶಬ್ದ ಇರಬೇಕೋ ಬೇಡವೋ ಎಂಬುದಷ್ಟೇ ಉಳಿದಿತ್ತು. ಆ ಒಂದು ಶಬ್ದಕ್ಕಾಗಿ ಫಕೀರಸಾಬನ ಹೆಂಡತಿ ಇಮಾಮ್ಬೀ ಮೂರು ದಿನದಿಂದ ಠಾಣೆಯ ಕಟ್ಟೆಗೆ ಬಂದು ಕೂರುತ್ತಿದ್ದಳು.

ಚಿತ್ತಾಪುರದ ಅಂಚಿನಲ್ಲಿದ್ದ ಈ ಕಾಲೇಜು ಮೊದಲು ಹತ್ತಿಯ ಜಿನ್ನಿಂಗ್ ಗಿರಣಿಯಾಗಿತ್ತು. ಗಿರಣಿ ಮುಚ್ಚಿದ ಮೇಲೆ ಮಂಡಳಿಯವರು ಕಟ್ಟಡ ಕೊಂಡು ಬೆಂಚು ಹಾಕಿದರು. ಬಾಯ್ಲರ್ ಇದ್ದ ಉದ್ದನೆಯ ಮನೆ ಈಗ ರಸಾಯನ ಶಾಸ್ತ್ರದ ಪ್ರಯೋಗಾಲಯ ಆಗಬೇಕಿತ್ತು. ನಾಳೆ ವಿಶ್ವವಿದ್ಯಾಲಯದ ತಂಡ ಅದನ್ನು ನೋಡಲು ಬರುತ್ತಿತ್ತು. ಅವರು ಒಪ್ಪಿದರೆ ಬರುವ ಸೋಮವಾರದಿಂದ ಇನ್ನೂರು ಹುಡುಗ ಹುಡುಗಿಯರು ಇಲ್ಲಿ ನಿಂತು ಪ್ರಾಕ್ಟಿಕಲ್ ಪರೀಕ್ಷೆ ಬರೆಯುವರು.

ಶೀಟಿನ ಮೇಲೆ ಅಡ್ಡಕ್ಕೆ ಬೋಲ್ಟಿನ ಸಾಲುಗಳಿದ್ದವು. ಸಾಲಿನ ಕೆಳಗೆ ಕಬ್ಬಿಣದ ತೊಲೆ. ಎರಡು ತೊಲೆಗಳ ನಡುವೆ ಬರೀ ಶೀಟು. ಇದು ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಶೀಟು. ಮೇಲಿನಿಂದ ಕಲ್ಲಿನಂತೆ ಕಂಡರೂ ನಡುವೆ ಕಾಲಿಟ್ಟರೆ ಹಪ್ಪಳ. ನಿನ್ನೆ ವಾಡಿಗೆ ಹೋಗಿ ಒಬ್ಬ ಹಳೆಯ ಫಿಟ್ಟರನನ್ನು ಕೇಳಿ ಅಮೃತಪ್ಪ ಅಷ್ಟನ್ನು ತಿಳಿದುಕೊಂಡು ಬಂದಿದ್ದ. ಶೀಟಿನವನು ನಿದ್ದೆಯಲ್ಲೂ ಬೋಲ್ಟಿನ ಸಾಲು ಬಿಟ್ಟು ಕಾಲಿಡುವುದಿಲ್ಲ ಎಂದು ಆ ಮುದುಕ ಹೇಳಿದ್ದ.

ಈ ಶೀಟುಗಳನ್ನು ಒಂಬತ್ತು ವರ್ಷದ ಹಿಂದೆ ಹಾಕಿದವನೇ ಫಕೀರಸಾಬ. ತೂತು ಇದ್ದದ್ದು ಎರಡು ಸಾಲುಗಳ ನಟ್ಟನಡುವೆ.

ಅಮೃತಪ್ಪ ಕೈ ಚಾಚಿ ತೂತಿನ ಆಚೆ, ಛಾವಣಿಯ ಮೇಲೆ ಬಿದ್ದಿದ್ದ ಒಂದು ಚೂರನ್ನು ಮುಟ್ಟಿದ. ಅಂಗೈಯಗಲದ ಅಂಥ ಏಳು ಚೂರುಗಳು ಮೇಲೆ ಇದ್ದವು. ಮನುಷ್ಯ ಕುಸಿದು ಬಿದ್ದರೆ ಚೂರು ಅವನ ಜೊತೆ ಕೆಳಗೆ ಬೀಳಬೇಕು. ಕೆಳಗಿನಿಂದ ಬಿದಿರ ಗಳದಿಂದ ತಿವಿದರೆ ಮಾತ್ರ ಕೆಲವು ಮೇಲಕ್ಕೆ ಹಾರುತ್ತವೆ.

ಅವನು ನಿಧಾನವಾಗಿ ಇಳಿದ. ಹೆಣದ ಪಂಚನಾಮೆಯನ್ನು ಬರೆದವನು ತಾನೇ. ಕೆಳಗೆ ಬಿದ್ದ ಚೂರುಗಳು ಫಕೀರಸಾಬನ ಎದೆಯ ಮೇಲಿದ್ದವು, ಬೆನ್ನಿನ ಅಡಿಯಲ್ಲಿ ಒಂದೂ ಇರಲಿಲ್ಲ ಎಂದು ತನ್ನ ಕೈಯಿಂದಲೇ ಬರೆದಿದ್ದ. ಸೋಮವಾರ ಬರೆದದ್ದು ಬುಧವಾರ ಅರ್ಥವಾಗುತ್ತಿದೆ ಎಂದು ಅವನಿಗೆ ತನ್ನ ಮೇಲೆಯೇ ಬೇಸರವಾಯಿತು.

ಪ್ರಯೋಗಾಲಯದ ನೆಲ, ಕಿಟಕಿ, ಹೊಸ ಬೆಂಚುಗಳ ಮೇಲೆ ತೆಳುವಾದ ಬಿಳಿ ಪುಡಿ ಕೂತಿತ್ತು. ಕಸ ಗುಡಿಸುವ ಮಾಣಿಕಮ್ಮ ಪೊರಕೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ನಾಳೆಯೊಳಗೆ ಚೊಕ್ಕಟ ಮಾಡಬೇಕೆಂದು ಅವಳಿಗೆ ಅಪ್ಪಣೆಯಾಗಿತ್ತು.

ಗುಡಿಸಬಾರದು ಎಂದ ಅಮೃತಪ್ಪ. ಬಾಗಿಲಿಗೆ ಬೀಗ ಹಾಕಿಸಿ, ಮೇಲೆ ಅರಗಿನ ಮುದ್ರೆ ಒತ್ತಿಸಿದ. ಹಾಗೆ ಒತ್ತಲು ತನಗೆ ಅಧಿಕಾರ ಇದೆಯೋ ಇಲ್ಲವೋ ಅವನಿಗೆ ಖಾತ್ರಿ ಇರಲಿಲ್ಲ.

*

ಫಕೀರಸಾಬನ ಮನೆ ಕಾಲೇಜಿನ ಹಿಂದೆಯೇ ಇತ್ತು. ಒಂದು ಕೋಣೆ, ಕಲ್ಲುಹಾಸಿನ ಮಾಡು, ಹಿತ್ತಲಲ್ಲಿ ಒಂದು ಬೇವಿನ ಮರ. ಶನಿವಾರದೊಳಗೆ ಖಾಲಿ ಮಾಡಬೇಕೆಂದು ಮಂಡಳಿ ಚೀಟಿ ಕಳಿಸಿತ್ತು.

ಮರಕ್ಕೆ ಹೊಡೆದ ಮೊಳೆಯಲ್ಲಿ ಒಂದು ಖಾಕಿ ಅಂಗಿ, ಒಂದು ಪೈಜಾಮ ನೇತಾಡುತ್ತಿದ್ದವು. ಅವು ಕೆಲಸದ ಬಟ್ಟೆಗಳು. ಬಾಯ್ಲರ್ ಮನೆಯ ಕೆಲಸ ಹಿಡಿದ ಮೇಲೆ ಅವನು ಆ ಬಟ್ಟೆಗಳನ್ನು ಮನೆಯೊಳಗೆ ತಂದದ್ದೇ ಇಲ್ಲ ಎಂದು ಇಮಾಮ್ಬೀ ಹೇಳಿದಳು. ಹಿತ್ತಲಲ್ಲೇ ಬಿಚ್ಚಿ, ನೀರಲ್ಲಿ ಅದ್ದಿ, ಮೈಗೆ ಎರಡು ಕೊಡ ಸುರಿದುಕೊಂಡೇ ಹೊಸ್ತಿಲು ದಾಟುತ್ತಿದ್ದ. ಯಾಕೆ ಎಂದು ಕೇಳಿದರೆ ಧೂಳು ಎನ್ನುತ್ತಿದ್ದ, ಅಷ್ಟೇ. ಧೂಳು ಅವಳಿಗೆ ಹೊಸದಲ್ಲ. ವಾಡಿ ರಸ್ತೆಯ ಪಾಲಿಶ್ ಮಶೀನಿನಲ್ಲಿ ಅವಳು ಹನ್ನೆರಡು ವರ್ಷದಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಉಜ್ಜುತ್ತಿದ್ದಳು.

ಹೆಣದ ಮೈಮೇಲೆ ಇದ್ದದ್ದು ಜುಮ್ಮಾ ನಮಾಜಿನ ದಿನ ಹಾಕುವ ಬಿಳಿ ಬಟ್ಟೆ. ಸತ್ತದ್ದು ಭಾನುವಾರ. ಕಳ್ಳತನಕ್ಕೆ ಯಾರಾದರೂ ಇಸ್ತ್ರಿಯ ಬಟ್ಟೆ ಹಾಕಿಕೊಂಡು ಛಾವಣಿ ಹತ್ತುತ್ತಾರೆಯೇ? ಅಮೃತಪ್ಪ ಅದನ್ನು ಜೋರಾಗಿ ಕೇಳಲಿಲ್ಲ. ಇಮಾಮ್ಬೀ ನೀರಿನ ಲೋಟ ಇಟ್ಟು ಗೋಡೆಗೆ ಒರಗಿದಳು. ಅವಳ ಕಣ್ಣಲ್ಲಿ ಅಳು ಮುಗಿದು ದಣಿವು ಮಾತ್ರ ಉಳಿದಿತ್ತು.

ಗೋಡೆಯ ಗೂಡಿನಲ್ಲಿ ಒಂದು ಕಾಗದ ಇತ್ತು. ಜಿಲ್ಲೆಯಿಂದ ಬಂದಿದ್ದ ತಪಾಸಣಾಧಿಕಾರಿ ಕಾಲೇಜಿಗೆ ಕೊಟ್ಟುಹೋದ ಇಂಗ್ಲಿಷ್ ಹಾಳೆಯ ಪ್ರತಿ. ಬಾಯ್ಲರ್ ಮತ್ತು ಕೊಳವೆಗಳಿಗೆ ಸುತ್ತಿದ್ದ ಕಲ್ನಾರಿನ ಹೊದಿಕೆಯನ್ನು ಹೇಗೆ ತೆಗೆಯಬೇಕು ಎಂದು ಅದರಲ್ಲಿತ್ತು. ಮೊದಲು ನೀರು ಹೊಡೆದು ನೆನೆಸಿ. ಒಣಗಿದ್ದನ್ನು ಕೀಳಬೇಡಿ, ಗುಡಿಸಬೇಡಿ. ಎರಡೆರಡು ಚೀಲದಲ್ಲಿ ಕಟ್ಟಿ ಆಳವಾಗಿ ಹೂಳಿ. ಅದರ ನಾರು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಹತ್ತಿಪ್ಪತ್ತು ವರ್ಷದ ಮೇಲೆ ಕೊಲ್ಲುತ್ತದೆ. ಹಾಳೆಯನ್ನು ಮಂಡಳಿ ಫೈಲಿಗೆ ಹಾಕಿ ಮರೆತಿತ್ತು. ಫಕೀರಸಾಬ ಮಾತ್ರ ಮಗಳು ಜೈತುನ್ಬೀಯಿಂದ ಕನ್ನಡದಲ್ಲಿ ಹೇಳಿಸಿಕೊಂಡು, ಒಬ್ಬನೇ, ಸಾಲು ಸಾಲಾಗಿ ಹಾಗೆಯೇ ಮಾಡುತ್ತ ಬಂದಿದ್ದ. ಪರೀಕ್ಷೆಗೆ ಓದುತ್ತಿದ್ದ ಮಗಳನ್ನು ಧೂಳಿಗೆ ಹೆದರಿ ಗುಂಡಗುರ್ತಿಯ ಸೋದರತ್ತೆಯ ಮನೆಗೆ ಕಳಿಸಿ ಎರಡು ತಿಂಗಳಾಗಿತ್ತು.

ಅರ್ಧ ಕೆಲಸ ಆಗುವಷ್ಟರಲ್ಲಿ ಮಂಡಳಿಗೆ ತಾಳ್ಮೆ ಮುಗಿಯಿತು. ಉಳಿದದ್ದನ್ನು ಕಂಟ್ರಾಕ್ಟರ್ ಅಂಬಾರಾಯನಿಗೆ ಕೊಟ್ಟರು. ಅವನ ಆಳುಗಳು ಶನಿವಾರ ಒಂದೇ ದಿನದಲ್ಲಿ, ಒಂದು ತಂಬಿಗೆ ನೀರು ಹೊಡೆಯದೆ, ಎಲ್ಲವನ್ನೂ ಕಿತ್ತು ಬಿಸಾಡಿದ್ದರು. ಆ ಬಿಳಿ ಪುಡಿ ಅದರದು.

ಹೊರಡುವಾಗ ಇಮಾಮ್ಬೀ ಒಂದೇ ಮಾತು ಆಡಿದಳು.

“ಮನಿ ಬಿಡ್ತೀನ್ರಿ ಸಾಹೇಬ್ರ, ಅದಕ್ಕ ನಾ ಏನೂ ಅನ್ನಂಗಿಲ್ಲ. ಅವರ ಹೆಸರಿನ ಮುಂದ ಚೋರ ಅಂತ ಬರಿಬ್ಯಾಡ್ರಿ.”

*

ಫಕೀರಸಾಬ ಹದಿನಾಲ್ಕು ಚೀಲ ಕೂಡಿಟ್ಟಿದ್ದ ಎಂದು ಮಂಡಳಿಯ ಪತ್ರದಲ್ಲೂ ಇತ್ತು. ಹಿತ್ತಲಿನಿಂದ ಅವೆಲ್ಲ ಮಾಯವಾಗಿವೆ, ಅವನ್ನೂ ಮಾರಿಕೊಂಡಿದ್ದಾನೆ ಎಂದು ಅದೇ ಪತ್ರ ಹೇಳುತ್ತಿತ್ತು.

ಕಾಲೇಜಿನಿಂದ ಅರ್ಧ ಮೈಲಿ ದೂರದ ಪಾಳು ಕಲ್ಲುಗಣಿಯಲ್ಲಿ ಹೊಸದಾಗಿ ಮುಚ್ಚಿದ ಮಣ್ಣನ್ನು ಹಾಜಿಮಲಂಗ್ ನಿನ್ನೆಯೇ ಗುರುತಿಸಿದ್ದ. ಅಮೃತಪ್ಪ ಎಂಟು ಕೊಡ ನೀರು ಹೊಯ್ಯಿಸಿ, ಮಣ್ಣು ಕೆಸರಾದ ಮೇಲೆ ಅಗೆಸಿದ. ಇಬ್ಬರು ಆಳುಗಳು ಈ ಸಾಹೇಬನಿಗೆ ತಲೆ ಕೆಟ್ಟಿದೆ ಎಂಬಂತೆ ಮುಖ ನೋಡಿಕೊಂಡರು.

ಚೀಲಗಳು ಸಿಕ್ಕವು. ತಂತಿಯಿಂದ ಬಾಯಿ ಬಿಗಿದು, ಒಂದರ ಪಕ್ಕ ಒಂದು ಮಲಗಿಸಿ, ಮೇಲೆ ಒಡಕು ಫರ್ಸಿ ಹಾಸಿದ್ದ. ಎಣಿಸಿದರೆ ಹದಿನಾಲ್ಕು. ಮಾರಿಕೊಂಡದ್ದು ಒಂದೂ ಇಲ್ಲ.

“ಸಾಹೇಬ್ರ, ಇದೊಂದು ಹಗುರ ಅದ,” ಎಂದ ಹಾಜಿಮಲಂಗ್, ಕೊನೆಯದನ್ನು ಕಾಲಿನಿಂದ ಒತ್ತಿ.

ಅದು ಬೇರೆ ಥರದ ಚೀಲ. ಗಿರಣಿಯ ಕಾಲದ್ದು, ಅಟ್ಟದ ಮೇಲೆ ಬಿಚ್ಚದೆ ಉಳಿದದ್ದಿರಬೇಕು. ಅದರಲ್ಲಿ ಕಿತ್ತ ಹೊದಿಕೆ ಇರಲಿಲ್ಲ. ಬಳಸದ ಹಸಿ ನಾರು ಇತ್ತು, ಬೆಳ್ಳಗೆ, ರೇಷ್ಮೆಯಂತೆ ಮೆತ್ತಗೆ. ಚೀಲ ಅರ್ಧ ಖಾಲಿಯಾಗಿತ್ತು.

ಅಮೃತಪ್ಪ ಮುಚ್ಚಿಸಿಬಿಟ್ಟ. ದಾರಿಯುದ್ದಕ್ಕೂ ಆ ಅರ್ಧ ಚೀಲ ಅವನನ್ನು ಬಿಡಲಿಲ್ಲ. ಮಾರುವವನು ಉಳಿದರ್ಧವನ್ನು ಇಷ್ಟು ಜೋಪಾನವಾಗಿ ಯಾಕೆ ಹೂಳುತ್ತಾನೆ? ಮಾರದಿದ್ದರೆ ಆ ಅರ್ಧ ಎಲ್ಲಿ?

*

ಮಂಡಳಿಯ ಕಾರ್ಯದರ್ಶಿ ರೇವಣಪ್ಪ ಕಾಲೇಜಿನ ಆಫೀಸಿನಲ್ಲಿದ್ದ. ವಿಭೂತಿ ಹಚ್ಚಿದ ಅಗಲ ಹಣೆ, ಅರವತ್ತರ ಹತ್ತಿರದ ವಯಸ್ಸು. ಇಮಾಮ್ಬೀ ದುಡಿಯುವ ಪಾಲಿಶ್ ಮಶೀನು ಇವನದೇ. ಕಂಟ್ರಾಕ್ಟರ್ ಅಂಬಾರಾಯ ಇವನ ಅಳಿಯ. ಇದು ಊರಿಗೆಲ್ಲ ಗೊತ್ತಿದ್ದ ವಿಷಯ, ಯಾರೂ ಅದನ್ನು ತಪ್ಪೆಂದು ಆಡುತ್ತಿರಲಿಲ್ಲ. ಈ ಕಾಲೇಜಿಗಾಗಿ ರೇವಣಪ್ಪ ತನ್ನ ಎಂಟು ಎಕರೆ ಬಿಟ್ಟುಕೊಟ್ಟಿದ್ದ ಎಂಬುದೂ ಊರಿಗೆ ಗೊತ್ತಿತ್ತು.

ಗಡಿಯಾರದಲ್ಲಿ ನಾಲ್ಕು ಗಂಟೆ.

“ಕುಂದ್ರಿ,” ಎಂದ ರೇವಣಪ್ಪ. “ಬಾಗಲಿಗೆ ಸೀಲ್ ಹಾಕೀರಂತಲ್ಲ. ನಾಳೆ ಬರೋರಿಗೆ ನಾ ಏನಂತ ಹೇಳಲಿ?”

“ಒಳಗ ವಿಷ ಅದ ಅಂತ ಹೇಳ್ರಿ.”

“ಧೂಳಿಗೆ ವಿಷ ಅಂದ್ರ ಹೆಂಗ್ರಿ. ನಲವತ್ತು ವರ್ಷ ಕಲ್ಲಿನ ಧೂಳಾಗ ದುಡದೀನಿ, ನಿಮ್ಮ ಮುಂದೆ ಕುಂತೀನಿ.”

“ನಿಮ್ಮ ಮಶೀನಿನ್ಯಾಗ ಕಲ್ಲು ಉಜ್ಜೋವಾಗ ಮ್ಯಾಲೆ ನೀರು ಬಿಡ್ತೀರೋ ಇಲ್ಲೋ?”

ರೇವಣಪ್ಪ ಗಡಿಯಾರ ನೋಡಿದ.

ಅಮೃತಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಹದಿನಾಲ್ಕು ಚೀಲ ನೆಲದೊಳಗಿವೆ ಎಂದು ಹೇಳಿದ. ತೂತು ಕೆಳಗಿನಿಂದ ಆದದ್ದು, ಅವನು ಸತ್ತ ಮೇಲೆ ಆದದ್ದು ಎಂದೂ ಹೇಳಿದ. ಹೇಳುತ್ತಿರುವಾಗಲೇ, ಇದೆಲ್ಲ ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂಬ ಹಳೆಯ ಅನುಮಾನ ಅವನ ಧ್ವನಿಯನ್ನು ತಗ್ಗಿಸಿತು. ಎದುರಿನವನು ಅದನ್ನು ಗಮನಿಸಿದನೋ ಏನೋ, ಬೆನ್ನು ನೆಟ್ಟಗೆ ಮಾಡಿ ಕೂತ.

“ಅವಾ ಶೀಟ್ ಕದಿಯೋದು ನೀವು ನೋಡೀರೇನು?” ಅಮೃತಪ್ಪ ಕೇಳಿದ.

“ನಾ ನೋಡಿಲ್ಲ.”

“ಮತ್ತ ಯಾರು ನೋಡ್ಯಾರ?”

“ಹೇಳೋರು ಹೇಳ್ಯಾರ.”

“ಭಾನುವಾರ ಅವಾ ನಿಮ್ಮ ಮನಿಗಿ ಬಂದಿದ್ದ.”

ಅದು ಅಮೃತಪ್ಪನ ಊಹೆ, ಅಷ್ಟೇ. ಇಸ್ತ್ರಿಯ ಬಟ್ಟೆ ಹಾಕಿಕೊಂಡು ಒಬ್ಬ ಕೆಲಸಗಾರ ಹೋಗಬಹುದಾದ ಮನೆಗಳು ಈ ಊರಲ್ಲಿ ಹೆಚ್ಚಿರಲಿಲ್ಲ. ಆದರೆ ರೇವಣಪ್ಪನ ಕೈ ಮೇಜಿನ ಮೇಲೆ ನಿಂತುಬಿಟ್ಟಿತು.

“ಬಂದಿದ್ದ,” ಎಂದ ಕೊನೆಗೆ. “ಅದರಾಗ ಮುಚ್ಚಿಡೋದು ಏನೂ ಇಲ್ಲ. ಮನಿ ತುಂಬ ಬೀಗರಿದ್ರು. ಗಾದಿ ವಾಪಸ್ ಕೊಡ್ರಿ ಅಂತ ಕೇಳಲಿಕ್ಕ ಬಂದಿದ್ದ.”

“ಎಂಥಾ ಗಾದಿ?”

“ತೊಟ್ಟಿಲ ಗಾದಿ. ನನ್ನ ಮಗಳು ಬಾಣಂತನಕ್ಕ ಬಂದಿದ್ಳಲ್ಲ. ಇಮಾಮ್ಬೀ ನಮ್ಮ ಮನ್ಯಾಗಿನಾಕಿ ಇದ್ದಂಗ, ಕೂಸಿಗಿ ಅಂತ ತಾನೇ ಹೊಲದು ತಂದು ಕೊಟ್ಟಿದ್ಳು. ಕಂಟ್ರಾಕ್ಟ್ ಅಳಿಯಗ ಹೋಯ್ತು ಅಂತ ಆಕಿ ಗಂಡಗ ಸಿಟ್ಟು. ಕೊಟ್ಟ ಉಡುಗೊರಿ ತಿರುಗಿ ಬೇಡ್ಲಿಕತ್ತಾನ ಅಂದುಕೊಂಡೆ. ಒಳಗ ಬಿಡಲಿಲ್ಲ.”

ಅಮೃತಪ್ಪನಿಗೆ ಗಣಿಯ ಅರ್ಧ ಚೀಲ ನೆನಪಾಯಿತು. ಅವನು ಎದ್ದು ಬಾಗಿಲ ಹತ್ತಿರ ಹೋದ. ವರಾಂಡದ ಮೆಟ್ಟಿಲ ಮೇಲೆ ಇಮಾಮ್ಬೀ ಕೂತಿದ್ದಳು. ಅವನು ಆಫೀಸಿಗೆ ಹೋಗುವುದನ್ನು ಹಿತ್ತಲಿನಿಂದ ಕಂಡು ಬಂದಿದ್ದಳು, ಐದು ಗಂಟೆಗೆ ಏನು ಬರೆಯುತ್ತಾರೆ ಎಂದು ತಿಳಿಯಲು.

ಅವನು ಅವಳನ್ನು ಒಳಗೆ ಕರೆದ. ಅವಳು ಯಜಮಾನನನ್ನು ಕಂಡು ಸೆರಗು ಸರಿಮಾಡಿಕೊಂಡು ಗೋಡೆಯ ಪಕ್ಕ ನಿಂತಳು.

“ತೊಟ್ಟಿಲ ಗಾದಿಗಿ ಏನು ತುಂಬಿದ್ಯವ್ವ?”

“ಹತ್ತಿ ಅಳ್ಳಿ ತುಂಬಿದೆ ರೀ. ಗಿರಣಿದು ಒಂದು ಚೀಲ ಹಿತ್ತಲದಾಗ ಇತ್ತು, ಹಳೇ ಅಳ್ಳಿ. ಗಿರಣಿ ಇದ್ದಾಗಿಂದ ನಾವು ಒಯ್ಯೋದೇ ಅದ, ಯಾರೂ ಬ್ಯಾಡ ಅಂದಿಲ್ಲ. ಇದು ಭಾಳ ಮೆತ್ತಗಿತ್ತು. ಕೋಲಿಲೆ ಬಡದು, ಬಿಡಿಸಿ ತುಂಬಿದೆ.” ಅವಳು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. “ಯಾಕ್ರಿ?”

ಅದು ಹತ್ತಿ ಅಲ್ಲ ಎಂದ ಅಮೃತಪ್ಪ. ಬಾಯ್ಲರಿಗೆ ಸುತ್ತುವ ಕಲ್ಲಿನ ನಾರು, ಫಕೀರಸಾಬ ಮೈ ತೊಳೆದುಕೊಂಡು ಒಳಗೆ ಬರುತ್ತಿದ್ದದ್ದು ಅದರ ಹೆದರಿಕೆಗೇ ಎಂದ.

ಇಮಾಮ್ಬೀ ಗೋಡೆ ಹಿಡಿದು ನೆಲಕ್ಕೆ ಕೂತಳು. ಯಾರಿಗೂ ಅಲ್ಲ ಎಂಬಂತೆ ಮಾತಾಡಿದಳು.

“ಇತವಾರ ಮಧ್ಯಾಹ್ನ ಚೀಲ ಅರ್ಧ ಯಾಕಾಗ್ಯದ ಅಂತ ಕೇಳಿದ್ರು. ಹೇಳಿದೆ. ಒಂದು ಮಾತು ಬೈಲಿಲ್ಲ. ನನ್ನ ಎರಡೂ ಕೈ ಹಿಡದು, ಮೊಳಕೈ ತನಕ ನೀರು ಹಾಕಿ ತೊಳದ್ರು. ಒಂದು ಕೊಡ ಪೂರಾ. ಆಮ್ಯಾಲೆ ಚೀಲ ಹೊತಗೊಂಡು ಹೋಗಿ ಹುಗದು ಬಂದು, ಜಳಕಾ ಮಾಡಿ, ಬಿಳಿ ಅರಿವಿ ಹಾಕ್ಕೊಂಡು ಹೋದ್ರು. ಎಲ್ಲಿಗಿ ಅಂತ ಹೇಳಲಿಲ್ಲ.”

ಆಮೇಲೆ ತಲೆಯೆತ್ತಿ ಅಮೃತಪ್ಪನನ್ನು ನೋಡಿದಳು.

“ಚೀಲ ಮುಟ್ಟಿದಾಕಿ ನಾನು. ಬರಿಯೋದಿದ್ರ ನನ್ನ ಹೆಸರಿನ ಮುಂದ ಬರೀರಿ.”

ರೇವಣಪ್ಪ ಕುರ್ಚಿಯಿಂದ ಎದ್ದಿದ್ದವನು ಮತ್ತೆ ಕೂತ. ಮುಖ ಬೂದಿಯಾಗಿತ್ತು.

“ಕೂಸು ಹನ್ನೊಂದು ದಿನ ಮಲಗ್ಯದ್ರಿ ಅದರ ಮ್ಯಾಲೆ,” ಎಂದ. “ಹನ್ನೊಂದು ದಿನಕ್ಕ ಏನರೆ ಆಗ್ತದೇನು?”

“ನನಗ ಗೊತ್ತಿಲ್ರೀ. ಗುಲಬರ್ಗಾಕ್ಕ ಒಯ್ದು ಡಾಕ್ಟರಿಗಿ ತೋರಿಸ್ರಿ. ಗಾದಿ ಈಗ ಎಲ್ಲೆದ?”

ರೇವಣಪ್ಪನಿಗೆ ಏನೋ ನೆನಪಾಗಿತ್ತು, ನೆನಪಾದದ್ದು ಅವನಿಗೆ ಬೇಡವಾಗಿತ್ತು.

“ಎಲ್ಲೆದ?” ಅಮೃತಪ್ಪ ಮತ್ತೆ ಕೇಳಿದ.

“ಆವತ್ತು ಫಕೀರಸಾಬಗ ಜೀಪಿನ್ಯಾಗ ಕುಂದ್ರಿಸಿ ಮನಿಗಿ ಬಿಟ್ಟು ಬಾ ಅಂತ ಅಳಿಯಗ ಹೇಳಿದ್ದೆ. ಹೊತ್ತು ಮುಳುಗೋ ಮುಂದ ಅಂಬಾರಾಯ ಒಬ್ಬನೇ ಬಂದ. ಕಾಲು ತೊಳೀಲಿಲ್ಲ, ಏನಿಲ್ಲ, ಸೀದಾ ಒಳಗ ಹೋಗಿ ಕೂಸಿಗಿ ಎತ್ತಿ ತಾಯಿ ಕೈಯಾಗ ಕೊಟ್ಟು, ತೊಟ್ಟಿಲದಾಗಿನ ಗಾದಿ ಜಗ್ಗಿ ತಗದ. ಕೂಸು ಒದ್ದಿ ಮಾಡ್ಯದ, ಹೊರಗ ಹಾಕ್ತೀನಿ ಅಂದ. ಬೀಗರು ನಕ್ರು. ಅವಾ ಎಂದೂ ಕೂಸಿನ ಅರಿವಿ ಮುಟ್ಟಿದಾವಲ್ಲ.”



ಅಂದರೆ ಫಕೀರಸಾಬ ಜೀಪಿನಲ್ಲಿ ಎಲ್ಲವನ್ನೂ ಹೇಳಿದ್ದ. ಅಂಬಾರಾಯ ಅದನ್ನು ಪೂರ್ತಿ ನಂಬಿದ್ದ. ನಂಬಿ, ತನ್ನ ಕೂಸನ್ನು ಎತ್ತಿಕೊಂಡಿದ್ದ. ತಾನು ಒಣದಾಗಿ ಕೀಳಿಸಿದ ಕೋಣೆಯಲ್ಲಿ ಇನ್ನೂರು ಮಕ್ಕಳು ನಿಲ್ಲುವುದನ್ನು ಮಾತ್ರ ತಡೆದಿರಲಿಲ್ಲ. ತಡೆಯಲು ಹೊರಟವನು ಬೆಳಗಾಗುವುದರೊಳಗೆ ಕಳ್ಳನಾಗಿ ಸತ್ತಿದ್ದ.

“ಶೀಟ್ ಕದಿಯೋವಾಗ ಬಿದ್ದಾನ ಅಂತ ನಿಮಗ ಹೇಳಿದಾವ ಅವನೇ ಏನು?”

ರೇವಣಪ್ಪ ಹೌದೆಂದು ತಲೆಯಾಡಿಸಿದ. ಸೋಮವಾರ ಹೆಣ ಸಿಕ್ಕ ಕೂಡಲೇ ಅಳಿಯ, ಮಗಳು, ಕೂಸು ಚಿಂಚೋಳಿಗೆ ಹೊರಟುಹೋದರೆಂದೂ, ತಂಡದವರಿಗೆ ಹಾರ ಹಾಕಲು ನಾಳೆ ಬೆಳಿಗ್ಗೆ ಬರುವರೆಂದೂ ಹೇಳಿದ.

ಅಮೃತಪ್ಪ ಬಿಳಿ ಹಾಳೆ ಎಳೆದುಕೊಂಡು ಈಗ ಕೇಳಿದ್ದನ್ನು ಬರೆದ. ಅವನ ಅಕ್ಷರ ಎಂದಿನಂತೆ ದುಂಡಗಿತ್ತು, ನಿಧಾನವಾಗಿತ್ತು. ಫಕೀರಸಾಬ ಎಚ್ಚರಿಕೆ ಹೇಳಲು ಬಂದಿದ್ದ, ಕದಿಯಲು ಅಲ್ಲ. ಕೊನೆಗೆ ಅವನ ಜೊತೆ ಇದ್ದವನು ಅಂಬಾರಾಯ. ಹಾಳೆಯನ್ನು ಮೇಜಿನ ಆ ಬದಿಗೆ ತಿರುಗಿಸಿ ಪೆನ್ನು ಚಾಚಿದ.

“ಬಲವಂತ ಇಲ್ರೀ,” ಎಂದ. “ಆದ್ರ ನಿಮ್ಮ ಸಹಿ ಇಲ್ಲಂದ್ರ, ಐದಕ್ಕ ನಾ ಕೊಡೋದು ನಿಮ್ಮ ಮೊದಲಿನ ಪತ್ರನೇ. ಚೂರು, ಚೀಲ ಕೋರ್ಟಿನ್ಯಾಗ ನಿಲ್ಲಂಗಿಲ್ಲ, ನನ್ನ ಕಡೆ ಬ್ಯಾರೆ ಸಾಕ್ಷಿ ಇಲ್ಲ.”

ಗಡಿಯಾರ ಹತ್ತು ನಿಮಿಷ ಕಮ್ಮಿ ಐದು ತೋರಿಸುತ್ತಿತ್ತು. ರೇವಣಪ್ಪ ಹಾಳೆಯನ್ನು ಓದಿದ. ನೆಲದ ಮೇಲೆ ಕೂತ ಹೆಂಗಸನ್ನು ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ತನ್ನ ಎರಡು ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದಳು.

ಅವನು ಪೆನ್ನು ತೆಗೆದುಕೊಂಡ. ಹಾಳೆಯ ಕೊನೆಗೆ ‘ರೇವ’ ಎಂದು ಎರಡು ಅಕ್ಷರ ಬರೆದ.

ಆಗ ಗೇಟಿನ ಹತ್ತಿರ ಜೀಪು ನಿಂತ ಸದ್ದಾಯಿತು. ಹಾಜಿಮಲಂಗ್ ಕಿಟಕಿಯಿಂದ ಬಗ್ಗಿ ನೋಡಿ, ಅಂಬಾರಾಯ ಎಂದು ಪಿಸುಗುಟ್ಟಿದ. ಒಂದು ದಿನ ಮೊದಲೇ ಬಂದಿದ್ದ.

ಜೀಪಿನಿಂದ ಮೊದಲು ಇಳಿದವಳು ರೇವಣಪ್ಪನ ಮಗಳು. ಬಗಲಲ್ಲಿ ಕೂಸು. ಅಂಗಳದಿಂದಲೇ ಅಪ್ಪನನ್ನು ಕಂಡು, ಕೂಸಿನ ಪುಟ್ಟ ಕೈ ಹಿಡಿದು ಅವನತ್ತ ಆಡಿಸಿದಳು.

ಪೆನ್ನು ಹಾಳೆಯ ಮೇಲೇ ಇತ್ತು. ಮುಂದಿನ ಅಕ್ಷರ ಮೂಡಲಿಲ್ಲ.